ಆಳುವವನು ಯಾರ ಆಳು?

ಕನ್ನಡದಲ್ಲಿ 'ಆಳು' ಎಂಬ ಮಾತು ಬಹು ವಿಚಿತ್ರವಾದದ್ದು. ಅದು ಕ್ರಿಯಾಪದವಾದರೆ ಸಿಂಹಾಸನವನ್ನೇ ಬೇಡುತ್ತದೆ. ನಾಮಪದವಾದರೆ ಗದ್ದೆಯ ಕೆಸರಿಗೆ ಇಳಿಯುತ್ತದೆ. 'ನಾಡನ್ನು ಆಳು' ಎಂದರೆ ದೊರೆತನದ ಹಾರೈಕೆ. 'ಆಳು ಬಂದಿದ್ದಾನೆ' ಎಂದರೆ ದಿನಗೂಲಿಯವನು ಹಿತ್ತಲ ಬಾಗಿಲಲ್ಲಿ ನಿಂತಿದ್ದಾನೆ ಎಂದರ್ಥ. ಎರಡಕ್ಕೂ ಮೂಲ ಒಂದೇ ಹೌದೋ ಅಲ್ಲವೋ ಎಂಬ ಜಿಜ್ಞಾಸೆಯನ್ನು ನಿಘಂಟುಕಾರರಿಗೆ ಬಿಡೋಣ. ತರಗತಿಯಲ್ಲಿ ಈ ಮಾತು ಬಂದಾಗಲೆಲ್ಲ ಹುಡುಗರು ನಗುತ್ತಾರೆ. ನಗಲಿ. ಆದರೆ ಲೋಕದಲ್ಲಿ ಒಂದು ಕಸಬಿದೆ. ಅದಕ್ಕೆ ಈ ಮಾತಿನ ಎರಡು ಅರ್ಥಗಳೂ ಒಟ್ಟಿಗೆ ಹೊಂದುತ್ತವೆ. ಅದು ಊರನ್ನು ನಡೆಸುವ ಕಸಬು.

ದೇಶವನ್ನಾಳುವವರಿಗೆ ಸೇನೆಯುಂಟು, ಸಂಧಿ ವಿಗ್ರಹಗಳುಂಟು, ಬಾವುಟವುಂಟು. ಊರನ್ನಾಳುವವನ ಪಾಲಿಗೆ ಬರುವುದು ಚರಂಡಿ, ಕಸ, ನಲ್ಲಿ, ಬೀದಿದೀಪ. ನಮ್ಮ ಸಂವಿಧಾನಕ್ಕೆ 74ನೆಯ ತಿದ್ದುಪಡಿಯಾಗಿ, ಅದು 1993ರ ಜೂನ್ 1ರಂದು ಜಾರಿಗೆ ಬಂದಿತಷ್ಟೆ. ಅದರೊಂದಿಗೆ ಸೇರಿದ 12ನೆಯ ಅನುಸೂಚಿಯಲ್ಲಿ ಪುರಸಭೆಗಳಿಗೆ ಒಪ್ಪಿಸಬಹುದಾದ 18 ವಿಷಯಗಳ ಪಟ್ಟಿಯೊಂದಿದೆ. ಕುಡಿಯುವ ನೀರು, ನೈರ್ಮಲ್ಯ, ಕೊಳಚೆ ಪ್ರದೇಶಗಳ ಸುಧಾರಣೆ, ದನದ ದೊಡ್ಡಿ, ಜನನ ಮರಣಗಳ ದಾಖಲೆ, ಸ್ಮಶಾನ, ಎಲ್ಲವೂ ಅದರಲ್ಲಿವೆ. ಹುಟ್ಟಿದವರ ಹೆಸರು ಬರೆಯುವುದರಿಂದ ಹಿಡಿದು ಸತ್ತವರಿಗೆ ಮೂರು ಮೊಳ ಜಾಗ ಒದಗಿಸುವವರೆಗೆ, ಮನುಷ್ಯನ ಬಾಳಿನ ಎರಡು ತುದಿಗಳೂ ಪುರಸಭೆಯ ಕೈಯಲ್ಲಿವೆ. ಇಂಥ ಕೆಲಸದಲ್ಲಿ ಆಳುವವನು ಆಳಾಗದೆ ಗತಿಯಿಲ್ಲ. ಆದರೆ ಯಾರ ಆಳು? ಈ ಪ್ರಶ್ನೆ ಕೇಳುವುದಕ್ಕೆ ಸುಲಭ. ಉತ್ತರ ಅಷ್ಟು ಸುಲಭವಲ್ಲ.

ಕನ್ನಡದ ಉಪಾಧ್ಯಾಯನಿಗೆ ಪುರಸಭೆಯ ಗೊಡವೆ ಏಕೆ ಎಂದು ವಾಚಕರು ಕೇಳಬಹುದು. ಗೊಡವೆಯನ್ನು ತಂದಿಟ್ಟವರು ನನ್ನ ವಿದ್ಯಾರ್ಥಿಗಳೇ. ಕಳೆದ ವರ್ಷ ಪದವಿಯ ಕೊನೆಯ ವರ್ಷದ ತರಗತಿಯಲ್ಲಿ, ಪಾಠ ಮುಗಿದು ಐದು ನಿಮಿಷ ಉಳಿದಿದ್ದಾಗ, ಮುಂದೆ ಯಾರು ಯಾರು ಏನಾಗಬೇಕೆಂದಿದ್ದೀರಿ ಎಂದು ಕೇಳಿದೆ. ಐ.ಎ.ಎಸ್. ಎಂದವರು ಹತ್ತು ಹನ್ನೆರಡು ಮಂದಿ. ಅವರಲ್ಲೊಬ್ಬಳು, "ನಾನು ಕಮಿಷನರ್ ಆಗಿ ಬೆಂಗಳೂರನ್ನು ಸರಿಮಾಡುತ್ತೇನೆ, ಸಾರ್" ಎಂದಳು. ಇಬ್ಬರು ಪೌರಾಡಳಿತ ಸೇವೆಯ ಪರೀಕ್ಷೆಗೆ ಓದುತ್ತಿದ್ದರು. ಸಣ್ಣ ಊರೊಂದರ ಪುರಸಭೆಗೆ ಮುಖ್ಯಾಧಿಕಾರಿಯಾಗುವ ಆಸೆ. "ಕಾರ್ಪೊರೇಟರ್ ಆಗುವವರು ಯಾರು?" ಎಂದೆ. ಇಡೀ ತರಗತಿ ನಕ್ಕಿತು. ಒಂದು ಕೈಯೂ ಮೇಲೇಳಲಿಲ್ಲ.

ಆ ನಗುವನ್ನು ನಾನು ಮಕ್ಕಳ ಮೇಲೆ ಹೊರಿಸಲಾರೆ. ಅದನ್ನು ಅವರು ಮನೆಯಿಂದ ತಂದಿದ್ದರು. ಮಧ್ಯಮ ವರ್ಗದ ನಮ್ಮ ಮನೆಗಳಲ್ಲಿ ಅಧಿಕಾರಿ ಎಂದರೆ ಓದಿದವನು, ಪರೀಕ್ಷೆ ಗೆದ್ದವನು, ಜಾತಕ ಕೇಳಿಬರಬಹುದಾದ ವರ. ವಾರ್ಡಿನ ಸದಸ್ಯನೆಂದರೆ ಗುತ್ತಿಗೆ, ಪಾಲು, ಫ್ಲೆಕ್ಸು, ಹಿಂಬಾಲಕರು. ಈ ಚಿತ್ರದಲ್ಲಿ ಸುಳ್ಳೇ ತುಂಬಿದೆ ಎಂದು ಹೇಳುವ ಧೈರ್ಯ ನನಗಿಲ್ಲ. ಆದರೆ ಊರಿನ ಕೆಲಸವನ್ನು ಜೀವನದ ಕಸಬಾಗಿ ಆರಿಸಿಕೊಳ್ಳುವ ತರುಣನಿಗೆ ಇದು ಮೊದಲ ತೊಡಕು. ತಾನು ಯಾರ ಜೊತೆ ಕುಳಿತು ಊರನ್ನು ನಡೆಸಬೇಕೋ ಅವರನ್ನು ಹೀನವಾಗಿ ಕಾಣುವುದನ್ನು ಕಲಿತೇ ಅವನು ಆ ಕುರ್ಚಿಗೆ ಬರುತ್ತಾನೆ.

ನಮ್ಮ ದೇಶದಲ್ಲಿ ಮುನಿಸಿಪಲ್ ಕಮಿಷನರ್ ಎಂಬ ಪದವಿ ಬೇರೂರಿದ ಕಥೆಯನ್ನು ಸ್ವಲ್ಪ ನೋಡೋಣ. 1865ರಲ್ಲಿ ಮುಂಬಯಿಗೆ ಒಂದು ಹೊಸ ಕಾಯಿದೆ ಬಂದು, ಊರಿನ ಕಾರ್ಯಾಧಿಕಾರವೆಲ್ಲ ಒಬ್ಬ ಕಮಿಷನರನ ಕೈಸೇರಿತು. ಮೊದಲು ಆ ಸ್ಥಾನಕ್ಕೆ ಬಂದವನು ಆರ್ಥರ್ ಕ್ರಾಫರ್ಡ್. ಗಟ್ಟಿಗ. ರಸ್ತೆ ಅಗಲಮಾಡಿಸಿದ, ಕೊಳೆ ತೆಗೆಸಿದ, ದೊಡ್ಡ ಮಾರುಕಟ್ಟೆ ಕಟ್ಟಿಸಿದ. ಇಂದು ಜ್ಯೋತಿಬಾ ಫುಲೆಯವರ ಹೆಸರು ಹೊತ್ತಿರುವ ಆ ಮಾರುಕಟ್ಟೆಯನ್ನು ಮುಂಬಯಿಯ ಕನ್ನಡಿಗರೆಲ್ಲ ಬಲ್ಲರು. ಊರು ಚೊಕ್ಕಟವಾಯಿತು, ಖಜಾನೆಯೂ ಚೊಕ್ಕಟವಾಯಿತು. ಲೆಕ್ಕ ಕೇಳಬೇಕಾಗಿದ್ದ ಜಸ್ಟಿಸರ ಸಭೆಗೆ ಅವನನ್ನು ಹಿಡಿದು ನಿಲ್ಲಿಸುವ ಶಕ್ತಿಯಾಗಲಿ ಉತ್ಸಾಹವಾಗಲಿ ಇರಲಿಲ್ಲ. 1871ರಲ್ಲಿ ಕಂದಾಯ ಕೊಡುವ ಜನ ರೇಗಿ ಎದ್ದರು. ಕಮಿಷನರನ ಪದವಿಯನ್ನೇ ತೆಗೆದುಹಾಕಿ ಎಂಬ ಕೂಗು ಎದ್ದಿತು.

ಆಗ ಇಪ್ಪತ್ತಾರರ ತರುಣನೊಬ್ಬ ಎದ್ದು ಜನಕ್ಕೆ ಹಿಡಿಸದ ಮಾತು ಹೇಳಿದ. ಅವನು ಫಿರೋಜ್‌ಷಾ ಮೆಹ್ತಾ. ಕೆಲಸಕ್ಕೆ ಒಬ್ಬನೇ ಹೊಣೆಗಾರನಿರುವುದು ಒಳ್ಳೆಯದೇ. ಕೆಟ್ಟದ್ದು, ಅವನನ್ನು ಕೇಳುವವರಿಲ್ಲದಿರುವುದು. ಕೇಳುವವರನ್ನು ಕಂದಾಯ ಕೊಡುವವರೇ ಆರಿಸಲಿ. ಇದು ಅವನ ವಾದದ ಸಾರ. ಮರುವರ್ಷ, 1872ರಲ್ಲಿ, ಬಂದ ಕಾಯಿದೆ 64 ಸದಸ್ಯರ ಕಾರ್ಪೊರೇಷನ್ನನ್ನು ಏರ್ಪಡಿಸಿ, ಅವರಲ್ಲಿ ಅರ್ಧದಷ್ಟು ಜನರನ್ನು ಆರಿಸುವ ಹಕ್ಕನ್ನು ಕರದಾತರಿಗೆ ಕೊಟ್ಟಿತು. ಕಮಿಷನರ್ ಉಳಿದ, ಆದರೆ ಎದುರಿಗೆ ಸಭೆಯೊಂದು ಕುಳಿತಿತು. ಆ ಮೇಲ್ಪಂಕ್ತಿಯೇ ಇತರ ನಗರಗಳಿಗೂ ಹರಡಿತು. ಬೆಂಗಳೂರಿನ ಪೇಟೆಯೂ ದಂಡೂ ಕೂಡಿ 1949ರಲ್ಲಿ ಒಂದು ಕಾರ್ಪೊರೇಷನ್ ಆದಾಗಲೂ, 1962ರಲ್ಲಿ ಹುಬ್ಬಳ್ಳಿ ಧಾರವಾಡಗಳು ಒಂದಾದಾಗಲೂ, ಸಭೆಗೆ ಮೇಯರು, ಕೆಲಸಕ್ಕೆ ಕಮಿಷನರು ಎಂಬ ವಿಂಗಡಣೆಯೇ ನಿಂತಿತು.

ಅಮೆರಿಕದಲ್ಲಿ ಇದೇ ತೊಡಕನ್ನು ಬೇರೆ ರೀತಿಯಲ್ಲಿ ಬಿಡಿಸಲು ಹೊರಟರು. 1908ರಲ್ಲಿ ವರ್ಜೀನಿಯಾದ ಸ್ಟಾಂಟನ್ ಎಂಬ ಸಣ್ಣ ಪಟ್ಟಣ ಚಾರ್ಲ್ಸ್ ಆಶ್‌ಬರ್ನರ್ ಎಂಬ ಎಂಜಿನಿಯರನ್ನು ಸಂಬಳ ಗೊತ್ತುಮಾಡಿ ಕರೆದು, ಊರಿನ ಕೆಲಸಗಳನ್ನೆಲ್ಲ ಒಪ್ಪಿಸಿತು. ಐದು ವರ್ಷಗಳ ಮೇಲೆ, 1913ರ ಮಾರ್ಚಿನಲ್ಲಿ, ಓಹಾಯೋ ಸಂಸ್ಥಾನದ ಡೇಟನ್ ನಗರ ಮಹಾಪೂರದಲ್ಲಿ ಮುಳುಗಿತು. ಪಕ್ಷಗಳ ಜಗಳದಲ್ಲಿ ಕಾಲ ಕಳೆಯುತ್ತಿದ್ದ ನಗರಾಡಳಿತದ ಮೇಲೆ ಜನಕ್ಕೆ ಬೇಸರ ಹುಟ್ಟಿತ್ತು. ಮರುವರ್ಷ ಆ ನಗರವೂ ಹೆನ್ರಿ ವೇಟ್ ಎಂಬ ಎಂಜಿನಿಯರನ್ನು ಹೊರಗಿನಿಂದ ಕರೆಸಿ ವ್ಯವಸ್ಥಾಪಕನನ್ನಾಗಿ ಮಾಡಿತು. ಏರ್ಪಾಡು ಸರಳ: ಊರಿನವರು ಸಭೆಯನ್ನು ಆರಿಸುತ್ತಾರೆ, ಸಭೆ ವ್ಯವಸ್ಥಾಪಕನನ್ನು ನೇಮಿಸುತ್ತದೆ, ಬೇಡವಾದರೆ ಅದೇ ಸಭೆ ಅವನನ್ನು ಕಳುಹಿಸುತ್ತದೆ. ಅವನು ಊರಿನವನೇ ಆಗಬೇಕಾಗಿಲ್ಲ. ಆಶ್‌ಬರ್ನರನೇ ಸ್ಟಾಂಟನ್ನಿನಿಂದ ಹೊರಟು ಮುಂದೆ ಸ್ಪ್ರಿಂಗ್‌ಫೀಲ್ಡ್, ನಾರ್ಫೋಕ್, ಸ್ಟಾಕ್‌ಟನ್ ನಗರಗಳನ್ನು ನಡೆಸಿದ. ಹೀಗೆ ಊರು ನಡೆಸುವುದು ಒಂದು ವೃತ್ತಿಯಾಯಿತು. 1914ರಲ್ಲಿ ಎಂಟು ಮಂದಿ ವ್ಯವಸ್ಥಾಪಕರು ಸೇರಿ ತಮ್ಮದೊಂದು ಸಂಘ ಕಟ್ಟಿದರು. 1924ರಲ್ಲಿ ತಮಗೆ ತಾವೇ ಒಂದು ನೀತಿಸಂಹಿತೆ ಬರೆದುಕೊಂಡರು.

ಆ ಸಂಘ ತನ್ನವರಿಗೆ ಕೊಡುವ ಮಾರ್ಗದರ್ಶನದಲ್ಲಿ ಒಂದು ಮಾತು ನನ್ನ ಗಮನವನ್ನು ಸೆಳೆಯಿತು. ಒಂದು ಊರಿಗೆ ನಿಜವಾದ ಸೇವೆ ಸಲ್ಲಬೇಕಾದರೆ ಕಡೆಯ ಪಕ್ಷ ಎರಡು ವರ್ಷವಾದರೂ ಅಲ್ಲಿರಬೇಕು ಎಂಬುದು ಅದರ ಅಭಿಪ್ರಾಯ. ನಮ್ಮಲ್ಲಿಯೂ ಸುಪ್ರೀಂ ಕೋರ್ಟಿನ 2013ರ ತೀರ್ಪೊಂದರ ಮೇಲೆ, 2014ರಲ್ಲಿ ಐ.ಎ.ಎಸ್. ನಿಯಮಗಳಿಗೆ ತಿದ್ದುಪಡಿ ಬಂದು, ಒಂದು ಹುದ್ದೆಯಲ್ಲಿ ಸಾಮಾನ್ಯವಾಗಿ ಎರಡು ವರ್ಷಕ್ಕೆ ಕಡಿಮೆಯಿಲ್ಲದಂತೆ ಇರಿಸಬೇಕು ಎಂದಾಯಿತು. ಅಲ್ಲಿಯೂ ಎರಡು, ಇಲ್ಲಿಯೂ ಎರಡು. ಅಲ್ಲಿ ಇದು ಅಧಿಕಾರಿಗೆ ಹೇಳಿದ ಬುದ್ಧಿ: ಬಡ್ತಿ ಕಂಡಕೂಡಲೆ ಊರು ಬಿಡಬೇಡ. ಇಲ್ಲಿ ಸರ್ಕಾರಕ್ಕೆ ಹೇಳಿದ ಬುದ್ಧಿ: ಸಿಟ್ಟು ಬಂದಕೂಡಲೆ ಎತ್ತಿ ಹಾಕಬೇಡ. ಒಂದೇ ಅಂಕಿ ಎರಡು ದೇಶಗಳ ಎರಡು ದೌರ್ಬಲ್ಯಗಳನ್ನು ಹೇಳುತ್ತದೆ.

ಎರಡು ವರ್ಷವೆಂದರೆ ಎಷ್ಟು? ಸಾಲದ ಕಂತಿಗೆ ಅದು ದೀರ್ಘ. ಮಗು ಮಾತು ಕಲಿಯುವುದಕ್ಕೆ ಸಾಕು. ಊರಿಗೆ ಅದು ಕಣ್ಣೆವೆ ಮುಚ್ಚಿ ತೆರೆಯುವಷ್ಟು ಹೊತ್ತು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ಇಕ್ಕಟ್ಟಾದ ಹಳೆಯ ಪೇಟೆಯಿಂದ ಜನರನ್ನು ಹೊರಗೆ ತರುವ ಅವಸರದಲ್ಲಿ ಬಸವನಗುಡಿ, ಮಲ್ಲೇಶ್ವರಗಳ ಬಡಾವಣೆ ಚುರುಕುಗೊಂಡಿತು. ಅಲ್ಲಿಯ ನೇರ ಬೀದಿಗಳನ್ನೂ ಸಾಲುಮರಗಳನ್ನೂ ನಾವು ಹೊಗಳುತ್ತೇವೆ. ಮನೆಗಳ ಬೆನ್ನಿಗೆ ಒಂದು ಕಿರುಓಣಿ ಬಿಟ್ಟಿದ್ದಾರೆ, ನೋಡಿದ್ದೀರಾ? ಕನ್ಸರ್ವೆನ್ಸಿ ಓಣಿ ಎಂದು ಅದಕ್ಕೆ ಹೆಸರು. ಮಲ ಹೊರುವವರು ಮುಂಬಾಗಿಲಿನವರ ಕಣ್ಣಿಗೆ ಬೀಳದೆ ಬಂದು ಹೋಗಲೆಂದು ಬಿಟ್ಟ ದಾರಿ ಅದು. ಬಡಾವಣೆಯ ನಕ್ಷೆ ಬರೆದವರು ಗತಿಸಿ ಎಷ್ಟೋ ಕಾಲವಾಯಿತು. ಅವರ ಗಾಳಿ ಬೆಳಕಿನ ಬುದ್ಧಿಯೂ ಉಳಿದಿದೆ, ಅವರ ಕಾಲದ ಅಸ್ಪೃಶ್ಯತೆಯೂ ನೆಲದ ಮೇಲೆ ಗೆರೆಯಾಗಿ ಉಳಿದಿದೆ. ಊರು ನಡೆಸುವವನ ಒಂದು ರುಜು ಅವನ ಹುದ್ದೆಗಿಂತ ಬಹಳ ಕಾಲ ಬಾಳುತ್ತದೆ. ವೈದ್ಯ ತಪ್ಪಿದರೆ ರೋಗಿ ಎದುರಿಗಿರುತ್ತಾನೆ. ಮೇಷ್ಟರು ತಪ್ಪಿದರೆ ಮಕ್ಕಳು ಪರೀಕ್ಷೆಯ ದಿನ ಹೇಳುತ್ತಾರೆ. ಊರಿನ ಅಧಿಕಾರಿಯ ತಪ್ಪು ಬೆಳಕಿಗೆ ಬರುವ ಹೊತ್ತಿಗೆ ಅವನು ಮೂರು ಊರು ದಾಟಿರುತ್ತಾನೆ.

ಆದ್ದರಿಂದ 'ಯಾರ ಆಳು?' ಎಂಬ ಪ್ರಶ್ನೆಗೆ ಮೂರು ಉತ್ತರಗಳು ಸಾಧ್ಯವೆಂದು ನನಗೆ ತೋರುತ್ತದೆ. ಸಂಬಳ ಕೊಡುವವರ ಆಳು ಎಂಬುದು ಒಂದು. ವರ್ಗ ಮಾಡಬಲ್ಲವರ ಆಳು ಎಂಬುದು ಇನ್ನೊಂದು. ಲೋಕದಲ್ಲಿ ಹೆಚ್ಚಾಗಿ ನಡೆಯುತ್ತಿರುವುದು ಇದೇ. ಅಮೆರಿಕದ ವ್ಯವಸ್ಥಾಪಕನನ್ನು ತೆಗೆಯುವ ಅಧಿಕಾರ ಊರಿನ ಸಭೆಗೇ ಇರುವುದರಿಂದ ಅವನ ದೃಷ್ಟಿ ಸಭೆಯ ಕಡೆಗೆ. ನಮ್ಮ ಕಮಿಷನರನ್ನು ಕಳುಹಿಸುವುದೂ ಹಿಂದಕ್ಕೆ ಕರೆಸಿಕೊಳ್ಳುವುದೂ ರಾಜ್ಯ ಸರ್ಕಾರ. ಅವನ ದೃಷ್ಟಿ ವಿಧಾನಸೌಧದ ಕಡೆಗೆ. ಇದರಲ್ಲಿ ಆಶ್ಚರ್ಯವೇನಿದೆ? ಮೂರನೆಯ ಉತ್ತರವೊಂದಿದೆ: ತನ್ನ ತಪ್ಪಿನ ಫಲವನ್ನು ಯಾರು ಉಣ್ಣಬೇಕೋ ಅವರ ಆಳು. ನೀತಿ ಒಪ್ಪುವ ಉತ್ತರ ಇದೊಂದೇ. ಚರಂಡಿ ಕಟ್ಟಿದರೆ ಯಾರ ಅಡಿಗೆಮನೆಗೆ ನೀರು ನುಗ್ಗುವುದೋ ಅವಳು, ಕಸ ಸುರಿದರೆ ಯಾರ ಹಳ್ಳಿಯ ಬಾವಿ ಕೆಡುವುದೋ ಅವನು, ಇಂದು ಹೂಳಿದ ಕೊಳವೆಯ ನೀರನ್ನು ಮೂವತ್ತು ವರ್ಷದ ಮೇಲೆ ಕುಡಿಯುವ, ಇನ್ನೂ ಹುಟ್ಟದ ಮಗು, ಇವರೇ ಒಡೆಯರು. ಆದರೆ ಈ ಒಡೆಯರಿಗೆ ಸಂಬಳ ಕೊಡುವ ಕೈಯಿಲ್ಲ, ವರ್ಗ ಮಾಡುವ ಮೊಹರಿಲ್ಲ. ಕೈಯಿಲ್ಲದ ಒಡೆಯನಿಗೆ ನಿಷ್ಠೆಯಿಂದಿರುವುದು ಹೇಗೆ? ಈ ಕಸಬಿನ ಕಷ್ಟವೆಲ್ಲ ಇಲ್ಲಿದೆ.

ಕಷ್ಟವಾದರೂ ಆಗದ ಕೆಲಸವಲ್ಲ ಎಂಬುದಕ್ಕೆ ನಿದರ್ಶನಗಳಿವೆ. 1994ರ ಸೆಪ್ಟೆಂಬರಿನಲ್ಲಿ ಗುಜರಾತಿನ ಸೂರತ್ ನಗರದಲ್ಲಿ ಪ್ಲೇಗು ಕಾಣಿಸಿಕೊಂಡು, ಲಕ್ಷಗಟ್ಟಲೆ ಜನ ಊರು ಬಿಟ್ಟು ಓಡಿದರು. ಮರುವರ್ಷ ಮೇ ತಿಂಗಳಲ್ಲಿ ಎಸ್. ಆರ್. ರಾವ್ ಎಂಬವರು ಕಮಿಷನರಾಗಿ ಬಂದರು. ತಂಪು ಕೋಣೆಯಲ್ಲಿ ಕುಳಿತ ಅಧಿಕಾರಿಗಳನ್ನು ದಿನವೂ ಬೀದಿಗೆ ಇಳಿಸಿದ್ದು ಅವರ ಮೊದಲ ಕೆಲಸ. ತಾವೂ ಇಳಿದರು. ಕಸ ದಿನದಿನವೂ ಎದ್ದಿತು. ದೊಡ್ಡವರು ಬೀದಿಗೆ ಚಾಚಿ ಕಟ್ಟಿದ್ದನ್ನೂ ಕೆಡವಲಾಯಿತು. ಎರಡೂವರೆ ವರ್ಷದಲ್ಲಿ, ಕೊಳೆಗೆ ಹೆಸರಾಗಿದ್ದ ಊರು ನೈರ್ಮಲ್ಯಕ್ಕೆ ಹೆಸರಾಯಿತು. ಆ ಊರಿನಲ್ಲಿ ಅವರು ಪರಸ್ಥಳದವರು. ಪರಸ್ಥಳದವನಾಗಿರುವುದರಲ್ಲಿ ಒಂದು ಗುಣವೂ ಉಂಟು. ಊರಿನವನಿಗೆ ಭಾವಮೈದುನ ಇರುತ್ತಾನೆ. ಭಾವಮೈದುನನಿಗೆ ಬೀದಿಯ ತಿರುವಿನಲ್ಲಿ ಒಂದು ಅಂಗಡಿ ಇರುತ್ತದೆ.

ಊರಿನವನೇ ಆದವನ ಗುಣಕ್ಕೆ ನಮ್ಮ ಉಡುಪಿಯೇ ಸಾಕ್ಷಿ. 1968ರಲ್ಲಿ ಅಲ್ಲಿಯ ಪುರಸಭೆಯ ಅಧ್ಯಕ್ಷರಾದವರು ಡಾ. ವಿ. ಎಸ್. ಆಚಾರ್ಯ, ವೃತ್ತಿಯಿಂದ ವೈದ್ಯರು, ಅದೇ ಊರಿನವರು. ಅವರ ಕಾಲದಲ್ಲಿ ಪುರಸಭೆ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಿತು. ಅಂಥ ನಿರ್ಧಾರವನ್ನು ಅಧಿಕಾರಿಯೊಬ್ಬನು ಸುತ್ತೋಲೆಯಿಂದ ಮಾಡಬಹುದಿತ್ತೇ? ಪ್ರತಿ ಮನೆಯವನೂ ತನ್ನ ಹಿತ್ತಲನ್ನು ಬದಲಾಯಿಸಿಕೊಳ್ಳಬೇಕು; ಖರ್ಚು ಮಾಡಬೇಕು; ತಲೆಮಾರುಗಳ ಅಭ್ಯಾಸವನ್ನು ಬಿಡಬೇಕು. ಹಾಗೆ ಹೇಳಬಲ್ಲವನು, ನಾಳೆ ಬೆಳಿಗ್ಗೆ ಅದೇ ಬೀದಿಯಲ್ಲಿ ಸಿಕ್ಕುವವನು. ಸಿಕ್ಕಾಗ ಬೈಗುಳವನ್ನು ಕೇಳಿಸಿಕೊಳ್ಳಬಲ್ಲವನು.

ಎರಡೂ ಕುರ್ಚಿಗಳಲ್ಲಿ ಕುಳಿತವರೂ ಉಂಟು. ಸುಭಾಷಚಂದ್ರ ಬೋಸರು 1921ರಲ್ಲಿ ಐ.ಸಿ.ಎಸ್. ಕೆಲಸವನ್ನು ಬಿಟ್ಟುಬಂದವರು. 1924ರಲ್ಲಿ ಚಿತ್ತರಂಜನ ದಾಸರು ಕಲ್ಕತ್ತೆಯ ಮೇಯರಾದಾಗ, ಇಪ್ಪತ್ತೇಳು ವರ್ಷದ ಸುಭಾಷರು ಅದೇ ಕಾರ್ಪೊರೇಷನ್ನಿನ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಯಾದರು. ಕೆಲವೇ ತಿಂಗಳಲ್ಲಿ ಸರ್ಕಾರ ಅವರನ್ನು ಸೆರೆಮನೆಗೆ ಹಾಕಿತು. 1930ರಲ್ಲಿ ಅದೇ ನಗರಕ್ಕೆ ಅವರೇ ಮೇಯರಾದರು. ಸಾಮ್ರಾಜ್ಯದ ದೊಡ್ಡ ಹುದ್ದೆಯನ್ನು ಒಲ್ಲೆನೆಂದವರಿಗೆ ಊರಿನ ನೀರು ನೈರ್ಮಲ್ಯದ ಹುದ್ದೆ ಕಿರಿದೆನಿಸಲಿಲ್ಲ. ಅಧಿಕಾರಿಯಾಗಿದ್ದವರಿಗೆ ಮತ ಕೇಳಿ ಸಭೆಗೆ ಬರುವುದು ಕೀಳೆನಿಸಲಿಲ್ಲ. ನನ್ನ ತರಗತಿಯ ನಗು ಅವರ ಕಾಲಕ್ಕೆ ಅರ್ಥವೇ ಆಗುತ್ತಿರಲಿಲ್ಲವೇನೋ. ವಲ್ಲಭಭಾಯಿ ಪಟೇಲರು ಅಹಮದಾಬಾದಿನ, ರಾಜಾಜಿ ಸೇಲಂನ, ಜವಾಹರಲಾಲರು ಅಲಹಾಬಾದಿನ ಪುರಸಭೆಗಳ ಅಧ್ಯಕ್ಷಪೀಠದಲ್ಲಿ ಕುಳಿತೇ ದೇಶದ ಕೆಲಸಕ್ಕೆ ನಡೆದವರು.

ಇಷ್ಟೆಲ್ಲ ಹೇಳಿದ ಮೇಲೂ ನಿಜವಾದ ಗಂಟು ಬಿಚ್ಚಿಲ್ಲ. ಅಧಿಕಾರಿಗೆ ಸರಿ ಯಾವುದೆಂದು ಗೊತ್ತಿದೆ, ಸಭೆ ಬೇರೆ ದಾರಿ ಹಿಡಿದಿದೆ ಎನ್ನೋಣ. ಆಗ ಅವನ ಧರ್ಮವೇನು? ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಪೌರಾಡಳಿತ ಸೇವೆಗೆ ಸೇರಿ ಒಂದು ಸಣ್ಣ ಪಟ್ಟಣದ ಪುರಸಭೆಗೆ ಮುಖ್ಯಾಧಿಕಾರಿಯಾಗಿದ್ದ. ಒಮ್ಮೆ ದೀಪಾವಳಿಯ ರಜೆಯಲ್ಲಿ ಮನೆಗೆ ಬಂದವನು ಬಹಳ ಹೊತ್ತು ಕುಳಿತ. ಊರಿನ ಹೆಬ್ಬಾಗಿಲಲ್ಲಿ ಸ್ವಾಗತ ಕಮಾನು ಕಟ್ಟಿಸಬೇಕೆಂದು ಸಭೆ ಠರಾವು ಮಾಡಿತ್ತು. ಅದೇ ಊರಿನ ಅಂಚಿನ ಕಾಲೋನಿಯೊಂದರಲ್ಲಿ ನೀರಿನ ಕೊಳವೆ ಚರಂಡಿಯೊಳಗೇ ಹಾದುಹೋಗಿ, ಅಲ್ಲಲ್ಲಿ ಒಡೆದಿತ್ತು. ಮಳೆಗಾಲದಲ್ಲಿ ಅಲ್ಲಿಯ ಮಕ್ಕಳಿಗೆ ವಾಂತಿಭೇದಿ ತಪ್ಪಿದ್ದಲ್ಲ.

"ಜಿಲ್ಲಾಧಿಕಾರಿಗಳಿಗೆ ಬರೆದು ಠರಾವನ್ನು ತಡೆಹಿಡಿಸಬಹುದು ಸಾರ್, ಕಾನೂನಿನಲ್ಲಿ ದಾರಿಯಿದೆ" ಎಂದ. "ಬರೆದರೆ ಕೊಳವೆ ಆಗುತ್ತದೆ. ಆದರೆ ಅಧ್ಯಕ್ಷರು ಆಮೇಲೆ ನನ್ನ ಮುಖ ನೋಡುವುದಿಲ್ಲ."

"ಅಧ್ಯಕ್ಷರು ಆ ಕಾಲೋನಿ ನೋಡಿದ್ದಾರೇನಯ್ಯಾ?"

"ಓಟಿನ ಕಾಲದಲ್ಲಿ ನೋಡಿರಬೇಕು, ಸಾರ್."

"ನೀರು ಬಿಡುವ ಹೊತ್ತಿಗೆ?"

ಅವನು ಉತ್ತರ ಹೇಳಲಿಲ್ಲ. ಮುಂದೆ ನಡೆದದ್ದನ್ನು ಆರು ತಿಂಗಳ ಮೇಲೆ ಫೋನಿನಲ್ಲಿ ತಿಳಿಸಿದ. ನೀರು ಬಿಡುವುದು ಬೆಳಗಿನ ಐದೂವರೆಗೆ. ಅಧ್ಯಕ್ಷರನ್ನೂ ನಾಲ್ಕು ಮಂದಿ ಸದಸ್ಯರನ್ನೂ ಆ ಹೊತ್ತಿಗೆ ಅಲ್ಲಿಗೆ ಕರೆದುಕೊಂಡು ಹೋದ. ಮೊದಲ ಕೊಡಕ್ಕೆ ಬಂದ ನೀರಿನ ಬಣ್ಣವನ್ನೂ ವಾಸನೆಯನ್ನೂ ಅವರು ಕಂಡರು. ಬಿಂದಿಗೆ ಹಿಡಿದು ನಿಂತಿದ್ದ ಮುದುಕಿಯೊಬ್ಬಳು ಅಧ್ಯಕ್ಷರನ್ನು ಏಕವಚನದಲ್ಲಿ ಮಾತನಾಡಿಸಿದಳು. ಮುಂದಿನ ಸಭೆಯಲ್ಲಿ ಕೊಳವೆಗೆ ಹಣ ಒದಗಿತು. ಕಮಾನೂ ಎದ್ದಿತು, ಗಾತ್ರದಲ್ಲಿ ಸ್ವಲ್ಪ ಇಳಿದು. ಕೆಲಸ ಮುಗಿಯುವುದಕ್ಕೆ ಮೊದಲೇ ನನ್ನ ಶಿಷ್ಯನಿಗೆ ವರ್ಗವಾಯಿತು. ಅವನು ಅಲ್ಲಿದ್ದದ್ದು ಹದಿನಾಲ್ಕು ತಿಂಗಳು. ಕೊಳವೆಯನ್ನು ಮುಗಿಸಿದವನು ಅವನ ನಂತರ ಬಂದವನು. ಉದ್ಘಾಟನೆಯ ಕಲ್ಲಿನ ಮೇಲೆ ಅಧ್ಯಕ್ಷರ ಹೆಸರಿದೆ.

ಹುಡುಗ ಕಾನೂನಿನ ಹತ್ತಿರದ ದಾರಿಯನ್ನೇ ಹಿಡಿದಿದ್ದರೆ ಏನಾಗುತ್ತಿತ್ತು? ಕೊಳವೆ ಬೇಗ ಆಗುತ್ತಿತ್ತೋ ಏನೋ. ಆದರೆ ಅದು ಊರಿನ ಕೊಳವೆಯಾಗುತ್ತಿರಲಿಲ್ಲ. ಹೊರಗಿನವನೊಬ್ಬ ತಮ್ಮ ಮೇಲೆ ಹೇರಿದ ಸೋಲಿನ ಗುರುತಾಗುತ್ತಿತ್ತು. ಅವನು ಹೋದ ಮರುದಿನ ಅದನ್ನು ಕಾಪಾಡುವವರು ಯಾರು? ಒಡೆದ ಕೊಳವೆಗೆ ಮುಂದಿನ ವರ್ಷ ಹಣ ಕೊಡಬೇಕಾದವರು ಅದೇ ಸದಸ್ಯರಲ್ಲವೆ? ಸರಿಯಾದ ಕೆಲಸವನ್ನು ಊರಿನ ಬೆನ್ನ ಹಿಂದೆ ಮಾಡಿದವನು ಆ ಕೆಲಸಕ್ಕೆ ಒಡೆಯರನ್ನು ಉಳಿಸಿ ಹೋಗುವುದಿಲ್ಲ. ಹಾಗೆಂದು ಸಭೆ ಏನು ಹೇಳಿದರೂ ತಲೆಬಾಗಬೇಕೆಂದಲ್ಲ. ಮಾತಿಗೆ ಜಗ್ಗದೆ, ಕಣ್ಣಾರೆ ಕಂಡೂ ಕರಗದೆ, ಮಕ್ಕಳ ಜೀವಕ್ಕೆ ಕುತ್ತು ತರುವ ಠರಾವನ್ನೇ ಹಿಡಿದು ಕುಳಿತರೆ, ಬರೆಯಲೇಬೇಕು. ಬರೆದದ್ದಕ್ಕೆ ತನ್ನ ರುಜು ಹಾಕಿ ಬಂದದ್ದನ್ನು ಅನುಭವಿಸಬೇಕು. ಲೇಖನಿ ಕೊನೆಯ ಆಯುಧ. ಮೊದಲನೆಯದಾದರೆ ಅದು ಅಹಂಕಾರ.

ಈ ಮಾತು ನಮ್ಮಂಥ ಓದಿದ ಪಟ್ಟಣಿಗರಿಗೆ ಅಷ್ಟು ರುಚಿಸುವುದಿಲ್ಲ. ಬೆಂಗಳೂರಿನ ಚುನಾಯಿತ ಸಭೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಆ ಮೇಲೆ 198 ವಾರ್ಡುಗಳಿಗೆ ಒಬ್ಬ ಸದಸ್ಯನೂ ಇಲ್ಲದೆ, ವರ್ಷದ ಮೇಲೆ ವರ್ಷ, ನಗರವನ್ನು ಅಧಿಕಾರಿಗಳೇ ನಡೆಸಿದರು. ಆ ಪಾಲಿಕೆಯೇ ಹೋಗಿ, 2025ರ ಸೆಪ್ಟೆಂಬರಿನಲ್ಲಿ ಅದರ ಜಾಗಕ್ಕೆ ಐದು ಪಾಲಿಕೆಗಳು ಬಂದವು. ಈ ನಡುವೆ ಸಭೆ ಎಲ್ಲಿ ಎಂದು ನ್ಯಾಯಾಲಯದ ಬಾಗಿಲು ತಟ್ಟಿದವರು ಕೆಲವರುಂಟು. ಹೆಚ್ಚಿನವರು ಕೇಳಲಿಲ್ಲ. "ಸದ್ಯ, ಕಾರ್ಪೊರೇಟರುಗಳ ಕಾಟ ತಪ್ಪಿತು" ಎಂದು ನಿಟ್ಟುಸಿರು ಬಿಟ್ಟವರನ್ನು ನಾನೇ ಬಲ್ಲೆ. ರಸ್ತೆಯ ಗುಂಡಿ ಮುಚ್ಚಿತೇ ಎಂದರೆ, ಅದೂ ಇಲ್ಲ. ಬೈಯುವುದಕ್ಕೆ ಒಬ್ಬನಿದ್ದ; ಆ ಒಬ್ಬನೂ ಇಲ್ಲವಾದ. ಹಿಂದೆಯೂ ಮೇಯರ್ ಪದವಿಯನ್ನು ಹಲವು ದಶಕಗಳ ಕಾಲ ವರ್ಷಕ್ಕೊಬ್ಬರಂತೆ ಹಂಚಿ, ಹಾರ ಹಾಕಿಸಿಕೊಳ್ಳುವಷ್ಟರಲ್ಲಿ ಅವಧಿ ಮುಗಿಯುವಂತೆ ಮಾಡಿದ್ದೆವು. ಎಂಥವನಿಗೂ ಕೆಲಸ ಕಲಿಯಲು ಸಾಲದಷ್ಟು ಕಾಲ ಕೊಟ್ಟು, ಅವನಿಗೆ ಕೆಲಸ ಬಾರದೆಂದು ನಕ್ಕದ್ದು ನ್ಯಾಯವೇ?

ಸಾಮರ್ಥ್ಯವಿದ್ದರೆ ಸಾಕು, ಕೇಳುವವರು ಬೇಡ ಎಂಬ ಆಸೆ ಹಳೆಯದು. ಕ್ರಾಫರ್ಡನ ಮುಂಬಯಿಗೆ ಅದರ ಬೆಲೆ ಗೊತ್ತಿತ್ತು. ಕೇಳುವವರಿದ್ದರೆ ಸಾಕು, ಸಾಮರ್ಥ್ಯ ಬೇಡ ಎಂಬುದು ಇನ್ನೊಂದು ಹುಚ್ಚು. ಮುಳುಗಿದ ಡೇಟನ್ನಿಗೆ ಅದರ ಬೆಲೆ ಗೊತ್ತಿತ್ತು. ನಾವು ಎರಡು ಪಾಠಗಳನ್ನೂ ಪುಕ್ಕಟೆಯಾಗಿ ಪಡೆದವರು. ಕಲಿಯುವುದು ನಮಗೆ ಬಿಟ್ಟದ್ದು.

ಇಲ್ಲಿಯೂ ಒಂದು ಮಾತಿನ ಚರಿತ್ರೆ ನೆನಪಾಗುತ್ತದೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ 'ನಾಗರಿಕ' ಎಂದರೆ ನಗರವನ್ನು ನೋಡಿಕೊಳ್ಳುವ ಅಧಿಕಾರಿ. ಮನೆಗಳ ಲೆಕ್ಕ ಇಡುವುದು, ಬೆಂಕಿಯ ಎಚ್ಚರ, ಬೀದಿಯಲ್ಲಿ ಕಸ ಚೆಲ್ಲಿದವನಿಗೆ ದಂಡ, ಇವು ಅವನ ಕೆಲಸಗಳು. ಇಂದಿನ ಕನ್ನಡದಲ್ಲಿ 'ನಾಗರಿಕ' ಎಂದರೆ ನೀವು, ನಾನು. ಅಧಿಕಾರಿಯ ಹೆಸರು ಕಾಲಕ್ರಮದಲ್ಲಿ ಪ್ರಜೆಗೆ ಬಂದಿದೆ. ಹೆಸರು ಬಂದ ಮೇಲೆ ಕೆಲಸವೂ ಸ್ವಲ್ಪ ಬರಬೇಕಲ್ಲವೆ? ಆ ಕೈಯಿಲ್ಲದ ಒಡೆಯರಿಗೆ, ಚರಂಡಿಯ ಪಕ್ಕದವಳಿಗೆ, ಹುಟ್ಟಲಿರುವ ಮಗುವಿಗೆ, ಕೈಯಾಗಬೇಕಾದವರು ನಾವು. ವಾರ್ಡಿನ ಸಭೆ ಕರೆದ ದಿನ ಹೋಗಿ ಕೂರಬೇಕು. ಆಯವ್ಯಯದ ಕಾಗದ ಕೇಳಿ ಓದಬೇಕು. ಒಳ್ಳೆಯ ಅಧಿಕಾರಿಯನ್ನು ಎಂಟು ತಿಂಗಳಿಗೆ ಎತ್ತಿ ಹಾಕಿದಾಗ ಏಕೆಂದು ಕೇಳಬೇಕು. ಸಾಧ್ಯವಾದರೆ ಚುನಾವಣೆಗೂ ನಿಲ್ಲಬೇಕು. ಇದೆಲ್ಲ ಬೇಸರದ ಕೆಲಸ. ಊರಿನ ಕೆಲಸವೇ ಬೇಸರದ್ದು. ಮನೆಯೊಳಗಿನ ಪಾತ್ರೆ ತೊಳೆಯುವಂತೆ ಅದು ದಿನವೂ ಹೊಸದಾಗಿ ಕಾದಿರುತ್ತದೆ.

ಕಮಿಷನರ್ ಆಗಿ ಬೆಂಗಳೂರನ್ನು ಸರಿಮಾಡುತ್ತೇನೆಂದ ಆ ಹುಡುಗಿ ಆಗಲಿ, ಆಗಲೇಬೇಕು ಎಂದು ನನ್ನ ಹಾರೈಕೆ. ಅಂಥವರು ಈ ಕಸಬಿಗೆ ಬಾರದಿದ್ದರೆ ಇನ್ನಾರು ಬರಬೇಕು? ಆದರೆ ಕುರ್ಚಿಯಲ್ಲಿ ಕುಳಿತ ಮೇಲೆ ಅವಳು ದಿನಕ್ಕೊಮ್ಮೆ ಒಂದು ಪ್ರಶ್ನೆಯನ್ನು ಕೇಳಿಕೊಳ್ಳಲಿ: ಈ ಕಾಗದಕ್ಕೆ ರುಜು ಹಾಕುವವಳು ನಾನು, ಇದು ತಪ್ಪಾದರೆ ಅನುಭವಿಸುವವರು ಯಾರು, ಅವರು ನನ್ನನ್ನು ಕೇಳುವುದಕ್ಕೆ ಒಂದು ದಾರಿ ಇದೆಯೇ? ದಾರಿ ಇದ್ದರೆ ಅದನ್ನು ಮುಚ್ಚದಿರಲಿ. ಇಲ್ಲದಿದ್ದರೆ, ರುಜು ಹಾಕುವ ಮೊದಲು, ಒಂದು ಬೆಳಗಿನ ಜಾವ ನಲ್ಲಿಯ ಬಳಿಗೆ ಹೋಗಿ ನಿಲ್ಲಲಿ.